ಅಮಾವಾಸ್ಯೆಯ ಬ್ಯಾಕಪ್

ನಮ್ಮ ಮನೆತನದಲ್ಲಿ ಎಲ್ಲರಿಗೂ ಸಿನಿಮಾ ನೋಡಲು ಬರುತ್ತದೆ, ಹಾಡು ಕೇಳಲು ಬರುತ್ತದೆ, ಕಂಡಕಂಡ ವೀಡಿಯೊ ತಂದು ತುಂಬಲು ಬರುತ್ತದೆ. ತುಂಬಿದ್ದನ್ನು ಕಾಯುವುದು ಮಾತ್ರ ಈ ಭುವನೇಶ್ವರಿಯ ಹಣೆಬರಹ. ತೆಲಂಗಾಣದ ಗಡಿಯಲ್ಲಿರುವ ಮಕ್ತಲ್‌ನಲ್ಲಿ ನನ್ನದೊಂದು ಮೀಸೇವಾ ಕೇಂದ್ರವಿದೆ. ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು ಅಂತ ಊರಿನವರ ಕೆಲಸ ಮುಗಿಸಿ ಮನೆಗೆ ಬಂದರೆ ಅಲ್ಲಿ ಮನೆಯವರ ಕೆಲಸ ಬಾಯಿ ತೆರೆದುಕೊಂಡು ಕೂತಿರುತ್ತದೆ. "ಅತ್ತಿಗಿ, ಟಿವ್ಯಾಗ ಹಾಡು ಬರವಲ್ದು" ಅಂತ ಗದ್ವಾಲದಿಂದ ನಾದಿನಿ ಬಸವೇಶ್ವರಿಯ ಫೋನು. "ಜಾಗಾ ಇಲ್ಲಂತೈತಿ ನೋಡವ್ವ, ಏನ್ ಮಾಡ್ಲಿ?" ಅಂತ ನಾರಾಯಣಪೇಟೆಯಿಂದ ಭಾವ ಕರಿಬಸಯ್ಯನವರ ಫೋನು. ಏನು ಮಾಡಲಿ ಅಂದರೆ? ತುಂಬುವುದನ್ನು ನಿಲ್ಲಿಸಿ! ಆದರೆ ಹಿರಿಯರಿಗೆ ಹಾಗೆ ಹೇಳಲು ಬರುತ್ತದೆಯೇ?

ನಾವು ಫೋನ್ ಮಾಡಿದರೆ ಭಾವ ಎತ್ತುವ ಚಂದವೇ ಬೇರೆ. ಗಂಟೆ ಹೊಡೆಯುತ್ತದೆ, ಹೊಡೆಯುತ್ತದೆ, ಇನ್ನೇನು ಕಟ್ಟಾಯಿತು ಅನ್ನುವಾಗ ನಿಧಾನಕ್ಕೆ "ಹಲೋ" ಅನ್ನುತ್ತಾರೆ. ಸೀರೆ ಅಂಗಡಿಯ ಗಾದಿಯ ಮೇಲೆ ಫೋನನ್ನು ಮುಂದಿಟ್ಟುಕೊಂಡೇ ಕೂತಿರುತ್ತಾರೆ, ಆದರೂ ಅಷ್ಟೇ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಈ ರಗಳೆಯೆಲ್ಲ ಶುರುವಾದದ್ದು ನಮ್ಮ ಅತ್ತೆ ವೀರಬಸಮ್ಮನವರ ಗಂಟಲಿನಿಂದ. ತೆಲಂಗಾಣ ರಾಜ್ಯವಾದ ವರ್ಷವೇ ಅವರ ಗಂಟಲಲ್ಲಿ ಗಂಟು ಸಿಕ್ಕಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಹೈದರಾಬಾದಿನ ಡಾಕ್ಟರು ಹೇಳಿದರು. ಅತ್ತೆ ಅಳಲಿಲ್ಲ. ಮನೆಗೆ ಬಂದು ನನ್ನನ್ನು ಎದುರಿಗೆ ಕೂಡಿಸಿಕೊಂಡು, "ನಿನ್ನ ಫೋನ್ಯಾಗ ಹಾಡು ಹಿಡಿಯಾಕ ಬರ್ತೈತಲ್ಲ? ಹಿಡಿ" ಎಂದರು. ನಮ್ಮ ಮನೆತನದ ಎಲ್ಲ ಕೂಸುಗಳಿಗೂ ತೊಟ್ಟಿಲ ದಿನ ಅವರೇ ಜೋಗುಳ ಹಾಡಿದ್ದು. ಆ ಜೋಗುಳವನ್ನು, ಬೀಸುವ ಹಾಡುಗಳನ್ನು, ಸೋಬಾನೆಯನ್ನು ಒಂದೊಂದಾಗಿ ಹಾಡಿದರು. ಹೊರಗೆ ರಾಜ್ಯ ಬಂತೆಂದು ಹುಡುಗರು ಪಟಾಕಿ ಹೊಡೆಯುತ್ತಿದ್ದರು. ಜೋಗುಳದ ನಡುವೆಯೇ ಅತ್ತೆ ಕಿಟಕಿಯ ಕಡೆ ತಿರುಗಿ, "ಏ ಸುಮ್ನಿರ್ರಲೇ, ರಾಜ್ಯ ಎಲ್ಲಿಗೂ ಓಡಿ ಹೋಗಂಗಿಲ್ಲ!" ಎಂದು ಗದರಿದ್ದೂ ಅದರಲ್ಲಿ ಹಿಡಿದುಬಿಟ್ಟಿತು. ಕೊನೆಗೆ, "ಇನ್ನ ಮುಂದ ಹುಟ್ಟೋ ಕೂಸಿಗೆಲ್ಲ ಇದನ್ನ ಹಚ್ಚ್ರಿ. ನಾ ಸುಮ್ನ ಕುಂತು ತೂಗತೀನಿ" ಎಂದರು.

ಆಪರೇಷನ್ ಆಯಿತು. ಅಂದಿನಿಂದ ಅವರು ನಮ್ಮನ್ನು ಚಪ್ಪಾಳೆ ತಟ್ಟಿ ಕರೆಯುತ್ತಾರೆ.

ಫೋನ್ ಬಿದ್ದರೆ ಒಡೆಯುತ್ತದೆ, ಕಳೆದರೆ ಹೋಯಿತು. ಅದಕ್ಕೇ ನಾನು ಕೇಂದ್ರದ ಒಂದು ಹಳೆಯ ಕಂಪ್ಯೂಟರನ್ನು ಮನೆಗೆ ತಂದು, ಅದರಲ್ಲಿ ಮನೆತನದ ಫೋಟೊ, ಹಾಡು, ಸಿನಿಮಾಗಳನ್ನೆಲ್ಲ ಇಟ್ಟು ಟಿವಿಗೆ ಜೋಡಿಸಿದೆ. ನಾರಾಯಣಪೇಟೆಯ ಮನೆಗೊಂದು, ಗದ್ವಾಲದ ಮನೆಗೊಂದು ಅಂಥದೇ ಕಂಪ್ಯೂಟರ್ ಕೂಡಿಸಿದೆ. ಮೂರೂ ಮನೆಗೆ ಒಂದೇ ಫೋಲ್ಡರ್. ಒಬ್ಬರು ಹಾಕಿದ್ದು ಮೂರೂ ಕಡೆ ತಾನಾಗಿಯೇ ಬಂದು ಕೂರುತ್ತದೆ. ಅಳಿಸಿದ್ದೂ ಅಷ್ಟೇ, ಮೂರೂ ಕಡೆ ತಾನಾಗಿಯೇ ಹೋಗುತ್ತದೆ. ಈ ಎರಡನೆಯ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆ ಅಂತ ಆ ಶಿವನಿಗೇ ಗೊತ್ತು.

ಅತ್ತೆಗೆ ಅದು ನಿತ್ಯದ ಪಾಠವಾಯಿತು. ಬೆಳಿಗ್ಗೆ ಇಬತ್ತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಟಿವಿಯ ಮುಂದೆ ಕೂತು ಎರಡು ಚಪ್ಪಾಳೆ ತಟ್ಟುವರು. ನಾನು ಹಾಡು ಹಚ್ಚುವೆ. ತಮ್ಮ ಹಾಡಿಗೆ ತಾವೇ ತುಟಿ ಆಡಿಸುತ್ತ ಕೂರುವರು. ಪಟಾಕಿಯವರನ್ನು ಗದರುವ ಜಾಗ ಬಂದಾಗ ಕೈಯನ್ನೂ ಬೀಸುವರು.

ಭಾವನಿಗೆ ನೋಡುವ ಹಕ್ಕು ಮಾತ್ರ ಕೊಡೋಣ, ಅಳಿಸುವ ಹಕ್ಕು ಬೇಡ ಎಂದು ನಾನು ಮೊದಲೇ ಬಡಿದುಕೊಂಡಿದ್ದೆ. ನನ್ನ ಗಂಡ ಗುರುಪ್ರಸಾದ ಕೃಷ್ಣಾ ಮಂಡಲದ ಕನ್ನಡ ಶಾಲೆಯ ಮೇಷ್ಟ್ರು. ಮಕ್ಕಳಿಗೆ ದಿನಾ ಬುದ್ಧಿ ಹೇಳುತ್ತಾರೆ, ಅಣ್ಣನೆದುರು ಬಾಯಿ ಬಿಡುವುದಿಲ್ಲ.

"ಹಿರಿ ಮಗಗ ಬೀಗ ಹಾಕ್ತಿಯೇನ? ನಾಳೆ ಮಂದಿ ಏನಂತಾರ? ಸಣ್ಣ ಸೊಸಿ ಮನಿ ಕೀಲಿ ಇಟ್ಕೊಂಡಾಳ ಅಂತಾರ" ಎಂದರು.

"ಕೀಲಿ ಅಲ್ರೀ ಅದು, ಫೋಲ್ಡರು!"

"ಯಾವುದಾದ್ರೇನು? ಅಣ್ಣನ ಮಾರಿ ಸಣ್ಣದಾಕ್ಕೈತಿ."

ಹೀಗೆ ಅಣ್ಣನ ಮುಖ ಸಣ್ಣದಾಗಬಾರದೆಂದು ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟೆ. ಆದರೆ ನಾನೇನು ದಡ್ಡಿಯೇ? ಬೇರೆ ಒಂದು ಹಾರ್ಡ್ ಡಿಸ್ಕ್ ತಂದು ಗದ್ವಾಲದಲ್ಲಿ ಬಸವೇಶ್ವರಿಯ ಕೈಗೆ ಕೊಟ್ಟೆ. ಅದನ್ನು ತಿಂಗಳಿಗೊಮ್ಮೆ ಮಾತ್ರ ಜೋಡಿಸಬೇಕು, ಎಲ್ಲದರ ಬ್ಯಾಕಪ್ ಆಗಬೇಕು, ಬಿಚ್ಚಿ ಕಪಾಟಿನಲ್ಲಿಡಬೇಕು. ಭಾವ ಸೀರೆಗಳ ವೀಡಿಯೊ ತುಂಬಿ ತುಂಬಿ ಡಿಸ್ಕಿನಲ್ಲೂ ಜಾಗ ಸಾಲದೆ, ಫೋಲ್ಡರಿನಲ್ಲಿ ಇಲ್ಲದ್ದು ಡಿಸ್ಕಿನಲ್ಲೂ ಇರದ ಹಾಗೆ ಮಾಡಿಟ್ಟಿದ್ದೆ. ಸಾಲದ್ದಕ್ಕೆ ಯಾರ ಫೋನಿನಲ್ಲೂ ಬಿಡಿ ಕಾಪಿ ಇರಕೂಡದು, ಇದ್ದರೆ ಯಾವುದು ಅಸಲಿ ಅಂತ ತಿಳಿಯುವುದಿಲ್ಲ ಎಂದು ಎಲ್ಲರ ಫೋನಿನಿಂದ ಅತ್ತೆಯ ಹಾಡುಗಳನ್ನು ನಾನೇ ಅಳಿಸಿಸಿದ್ದೆ. ಶಿಸ್ತು ಅಂದರೆ ಶಿಸ್ತು!

ಬ್ಯಾಕಪ್ಪಿಗೆ ದಿನ ಯಾವುದು? ಇಂಗ್ಲಿಷ್ ತಾರೀಖು ಹೇಳಿದರೆ ಬಸವೇಶ್ವರಿಗೆ ನೆನಪಿರುವುದಿಲ್ಲ. ಅಮಾವಾಸ್ಯೆಯನ್ನಾದರೆ ನಮ್ಮ ಕಡೆ ಯಾರೂ ಮರೆಯುವುದಿಲ್ಲ. ಆ ದಿನ ತೇರು ಬಜಾರು ಏನಿದ್ದರೂ ಬಿಟ್ಟು ಮನೆ ಸಾರಿಸಿ ಪೂಜೆ ಮಾಡುತ್ತೇವೆ. "ಪ್ರತಿ ಅಮಾಸಿಗೆ ಹಚ್ಚು" ಎಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಅಷ್ಟಾದರೂ ಅವಳು ಮರೆಯುತ್ತಿದ್ದಳು. ನಾರಾಯಣಪೇಟೆ ಜಿಲ್ಲೆಯಾದ ವರ್ಷ ಮಹಾನವಮಿ ಅಮಾವಾಸ್ಯೆಗೂ ಡಿಸ್ಕನ್ನು ಮುಟ್ಟಿರಲಿಲ್ಲ. ನಾನು ಫೋನಿನಲ್ಲಿ ಅವಳ ನೀರಿಳಿಸಿದೆ. "ನಿಮ್ಮವ್ವನ ಧ್ವನಿ ಅದು, ನಮ್ಮವ್ವಂದಲ್ಲ! ಬರೋ ಅಮಾಸಿಗೆ ಮರತ್ರ ನಿನ್ನ ಮನಿ ಹೊಸ್ತಲಾ ತುಳಿಯಂಗಿಲ್ಲ" ಎಂದೆ. ಅವಳು ಅತ್ತಳು. ಅತ್ತರೆ ಅಳಲಿ, ನೆನಪಾದರೂ ಇರುತ್ತದೆ ಅಂದುಕೊಂಡೆ.

ಆ ಬರುವ ಅಮಾವಾಸ್ಯೆ ದೀಪಾವಳಿಯದು.

ಭಾವನದು ಮೂರು ತಲೆಮಾರಿನ ಸೀರೆ ವ್ಯಾಪಾರ. ದೀಪಾವಳಿ ಅಮಾವಾಸ್ಯೆಯಂದು ಅಂಗಡಿಯಲ್ಲಿ ಲಕ್ಷ್ಮಿಪೂಜೆ. ಅಂದು ಗೂಡುಗಳನ್ನೆಲ್ಲ ಖಾಲಿ ಮಾಡಿ ಒರೆಸಬೇಕು, ಹಳೆಯ ಲೆಕ್ಕದ ವಹಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಬೇಕು, ದೇವರ ಮುಂದೆ ಹೊಸ ವಹಿಯ ಬರೀ ಹಾಳೆ ಇರಬೇಕು. ಹಳೆಯದರ ಮೇಲೆ ಲಕ್ಷ್ಮಿ ಕೂರುವುದಿಲ್ಲವಂತೆ. ಆ ವರ್ಷ ಲೆಕ್ಕವನ್ನೂ ಕಂಪ್ಯೂಟರಿಗೆ ಏರಿಸಿದ್ದರಿಂದ ಕಂಪ್ಯೂಟರನ್ನೂ ಪೂಜೆಗೆ ಇಟ್ಟರು. ಕುಂಕುಮ ಹಚ್ಚಿದರು, ಹೂ ಏರಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಕಾಯಿ ಒಡೆದು ಕೈ ಮುಗಿಯುತ್ತಿದ್ದೆ.

ಪಾಡ್ಯದ ಬೆಳಿಗ್ಗೆ ಅತ್ತೆ ಟಿವಿಯ ಮುಂದೆ ಕೂತು ಎರಡು ಚಪ್ಪಾಳೆ ತಟ್ಟಿದರು. ನಾನು ಫೋಲ್ಡರ್ ತೆರೆದೆ. ಅದರಲ್ಲಿ ಒಂದೇ ಒಂದು ವೀಡಿಯೊ ಇತ್ತು. ಭಾವ ಅಂಗಡಿಯಲ್ಲಿ ಲಕ್ಷ್ಮಿಗೆ ಆರತಿ ಎತ್ತುತ್ತಿದ್ದಾರೆ, ತಾಸುಗಟ್ಟಲೆ, ಮೂಲೆಮೂಲೆ ತೋರಿಸಿ. ಬೇರೆ ಏನೂ ಇಲ್ಲ. ಹಾಡಿಲ್ಲ, ಫೋಟೊ ಇಲ್ಲ, ನನ್ನ ಮದುವೆಯೂ ಇಲ್ಲ!

ಅತ್ತೆಗೆ ಕೇಳದಂತೆ ಹೊರಗೆ ಹೋಗಿ ಭಾವನಿಗೆ ಫೋನ್ ಮಾಡಿದೆ. ಗಂಟೆ ಹೊಡೆಯಿತು, ಹೊಡೆಯಿತು, ಕಟ್ಟಾಯಿತು. ಮತ್ತೆ ಮಾಡಿದೆ. ಎತ್ತು ಮಾರಾಯಾ, ಎತ್ತು! ಕೊನೆಯ ಗಂಟೆಗೆ ಎತ್ತಿದರು.

"ಫೋಲ್ಡರ್ ಏನ್ ಮಾಡಿದ್ರಿ ಭಾವ?"

"ಸಾಫ್ ಮಾಡೀನವ್ವ. ಅಮಾಸಿ ಪೂಜಾ ಅಲ್ಲೇನು? ಹಳೇದು ಇರಬಾರ್ದು."

"ಅಳಿಸಿದ್ರೇನು? ಎಲ್ಲಾನೂ?"

"ನಂದು ಅಷ್ಟ ಅಳಿಸೀನಿ. ವಹಿ ಅಟ್ಟಕ್ಕ ಏರಿಸ್ದಂಗ. ನಿಮ್ಮಲ್ಲಿ ಐತಲ್ಲ, ಗದ್ವಾಲ್ದಾಗ ಐತಲ್ಲ?"

ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ. ಹಿರಿಯರಿಗೆ ಹೇಳಬಾರದ್ದನ್ನೇ ಹೇಳಿರಬೇಕು, ಯಾಕೆಂದರೆ ಗುರುಪ್ರಸಾದ ಬಂದು ಫೋನ್ ಕಿತ್ತುಕೊಂಡರು. ಆಗ ನನಗೆ ಡಿಸ್ಕ್ ನೆನಪಾಯಿತು. ಬಸವೇಶ್ವರಿ ಮರೆತಿರಲಿ ಶಿವನೇ, ಯಾವಾಗಲೂ ಮರೆಯುವ ಹಾಗೆ ಈ ಸಲವೂ ಮರೆತಿರಲಿ ಎಂದು ಬೇಡಿಕೊಳ್ಳುತ್ತ ಗದ್ವಾಲಕ್ಕೆ ಫೋನ್ ಹಚ್ಚಿದೆ.

ಅವಳು ಮೊದಲ ಗಂಟೆಗೇ ಎತ್ತಿದಳು. "ಈ ಸಲ ಮರೀಲಿಲ್ಲ ಅತ್ತಿಗಿ! ದೀಪ ಹಚ್ಚಿದ ಕೂಡ್ಲೇ ಡಿಸ್ಕೂ ಹಚ್ಚೀನಿ. ಭಾಳ ಜಲ್ದಿ ಮುಗೀತು ನೋಡ್ರಿ, ಯಾವಾಗ್ಲೂ ಇಷ್ಟ ಜಲ್ದಿ ಆಗ್ತಿದ್ದಿಲ್ಲ" ಎಂದಳು. ಎಷ್ಟು ಖುಷಿ ಇತ್ತು ಅವಳ ಮಾತಿನಲ್ಲಿ!

ಜಲ್ದಿ ಮುಗಿಯದೆ ಏನು? ಒಂದೇ ವೀಡಿಯೊ ಉಳಿದ ಫೋಲ್ಡರಿನ ಬ್ಯಾಕಪ್ಪಿಗೆ ಎಷ್ಟು ಹೊತ್ತು ಬೇಕು?

ಅಂದೇ ಬಸ್ಸು ಹತ್ತಿ ಜೂರಾಲ ಡ್ಯಾಂ ದಾಟಿ ಗದ್ವಾಲಕ್ಕೆ ಹೋಗಿ ಡಿಸ್ಕ್ ತಂದೆ. ಅದರಲ್ಲೂ ಅದೇ ಆರತಿ. ರಾಯಚೂರಿನಲ್ಲಿ ಇಂಥದನ್ನು ತೆಗೆದುಕೊಡುವವನೊಬ್ಬ ಇದ್ದಾನೆಂದು ಕೇಳಿ ಡಿಸ್ಕನ್ನೂ ಮೂರು ಕಂಪ್ಯೂಟರುಗಳನ್ನೂ ಅವನ ಮುಂದೆ ಇಟ್ಟೆ. ಅವನು ವಾರ ಹಿಡಿದುಕೊಂಡು ಕೂತು, ಅರ್ಧಂಬರ್ಧ ಫೋಟೊ ಕೆಲವನ್ನು ತೆಗೆದ. ಹಾಡು ಒಂದೂ ಸಿಗಲಿಲ್ಲ. "ಮೇಡಂ, ಅಳಿಸಿದ ಮ್ಯಾಲ ದೊಡ್ಡ ವೀಡಿಯೊ ಬಂದು ಅದ ಜಾಗದಾಗ ಕುಂತೈತ್ರಿ" ಎಂದ. ಲಕ್ಷ್ಮಿ ಬಂದು ಕೂತಳು ನೋಡಿ, ನಮ್ಮತ್ತೆಯ ಗಂಟಲಿನ ಮೇಲೆ!

ಇನ್ನು ಯಾರನ್ನು ಬೈಯಲಿ? ಬೀಗ ಬೇಡ ಅಂದ ಗಂಡನನ್ನೇ? ಹಳೆಯದಿರಬಾರದು ಅಂದ ಭಾವನನ್ನೇ? ನಾನು ಗದರಿದ್ದಕ್ಕೇ ಹೆದರಿ, ಜನ್ಮಕ್ಕೊಮ್ಮೆ ಹೇಳಿದ ದಿನ ಹೇಳಿದ ಕೆಲಸ ಮಾಡಿದ ಆ ಬಡಪಾಯಿಯನ್ನೇ? ಅಮಾವಾಸ್ಯೆ ಅಂತ ಹೇಳಿದ ಬಾಯಿ ಯಾರದು? ಆ ಸಿಟ್ಟಿಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಅಷ್ಟರಲ್ಲೇ ಭಾವನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಅತ್ತೆಗೆ ಮೊದಲ ಮರಿಮಗಳು. ಬಾಣಂತನ ತವರಲ್ಲಿ, ತೊಟ್ಟಿಲೂ ಅಲ್ಲೇ, ನಾರಾಯಣಪೇಟೆಯಲ್ಲಿ. ಸುದ್ದಿ ಬಂದ ದಿನ ಅತ್ತೆ ಟಿವಿಯನ್ನು ತೋರಿಸಿ, ಎರಡೂ ಕೈಯಿಂದ ತೊಟ್ಟಿಲು ತೂಗುವ ಹಾಗೆ ಮಾಡಿ ನಕ್ಕರು. ಜೋಗುಳ ತೆಗೆದಿಟ್ಟುಕೋ ಅಂತ.

ದೀಪಾವಳಿಯಿಂದ ನಾನು ಅವರಿಗೆ ಸುಳ್ಳು ಹೇಳುತ್ತಲೇ ಬಂದಿದ್ದೆ. ಕಂಪ್ಯೂಟರ್ ರಿಪೇರಿಗೆ ಹೋಗೈತಿ ಅತ್ತೀ, ನಾಳೆ ಬರ್ತೈತಿ ಅತ್ತೀ. ತೊಟ್ಟಿಲ ಹಿಂದಿನ ದಿನ ಸುಳ್ಳು ಮುಗಿದುಹೋಯಿತು. ಅವರ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. "ನಿಮ್ಮ ಹಾಡು ಹೋಗ್ಯಾವತ್ತೀ. ಎಲ್ಲಾ ಹೋಗ್ಯಾವ. ನನ್ನ ಕೈಯಾಗ ಉಳಸಾಕ ಆಗ್ಲಿಲ್ಲ" ಎಂದೆ.

ಬೈಯಲು ಅವರಿಗೆ ಬಾಯಿ ಇಲ್ಲ. ಸೆರಗನ್ನು ಎಳೆದು ಕುತ್ತಿಗೆಯಲ್ಲಿನ ಆಪರೇಷನ್ನಿನ ತೂತನ್ನು ಮುಚ್ಚಿಕೊಂಡರು. ನಮ್ಮೆದುರು ಅದನ್ನು ಅವರು ಎಂದೂ ಮುಚ್ಚಿಕೊಂಡವರಲ್ಲ. ಬೆಳಿಗ್ಗೆ ಹೊರಡುವಾಗ ಬರುವುದಿಲ್ಲವೆಂದು ಕೈ ಆಡಿಸಿದರು. ಗುರುಪ್ರಸಾದ ಕೈಹಿಡಿದು ಬೇಡಿಕೊಂಡ ಮೇಲೆ ಎದ್ದರು. ದಾರಿಯುದ್ದಕ್ಕೂ ಒಂದು ಚಪ್ಪಾಳೆಯೂ ಇಲ್ಲ.

ಭಾವನ ಮನೆಯಲ್ಲಿ ಮುಂದೆ ಅಂಗಡಿ, ನಡುವೆ ಒಂದು ಬಾಗಿಲು, ಹಿಂದೆ ಪಡಸಾಲೆ. ಪಡಸಾಲೆಯ ತುಂಬ ಹೆಂಗಸರು. ತೊಟ್ಟಿಲಿಗೆ ಹೂ ಸುತ್ತಿದ್ದರು. ಅತ್ತೆ ಯಾರ ಮುಖವನ್ನೂ ನೋಡದೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತರು. ಮೊಮ್ಮಗಳು ಕೂಸನ್ನು ತಂದು ತೊಡೆಯ ಮೇಲೆ ಇಡಲು ಹೋದರೆ ಬೇಡವೆಂದು ತಲೆ ಅಲ್ಲಾಡಿಸಿದರು. ಬಸವೇಶ್ವರಿ ಮೂಲೆಯಲ್ಲಿ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ವಿಷಯ ಗೊತ್ತಿಲ್ಲದ ನೆರೆಯ ಮೈಲಮ್ಮ, "ಮುತ್ತಜ್ಜಿ ಹಾಡು ಹಚ್ಚ್ರೆವ್ವ, ಕೂಸು ಕಾಯಾಕತ್ತೈತಿ" ಎಂದಳು. ನಾನು ತೊಟ್ಟಿಲಿನ ಹೂ ಸರಿಮಾಡತೊಡಗಿದೆ. ಅವಳೇ ಏನೋ ಒಂದು ಜೋಗುಳ ಎತ್ತಿಕೊಂಡು, ಜೊತೆಗೆ ಯಾರೂ ದನಿಗೂಡಿಸದ್ದರಿಂದ ಅರ್ಧಕ್ಕೇ ಬಿಟ್ಟಳು.

ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ತಾಯಿಯ ತಂದೆ ಬೆಳ್ಳಿಯ ಉಡದಾರ ಕಟ್ಟಬೇಕು. ಭಾವನೇ ಇಲ್ಲ. ಬೆಳಿಗ್ಗೆಯಿಂದ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಿದ್ದಾರಂತೆ. ಕರೆದರೆ "ಬಂದೆ" ಅನ್ನುತ್ತಾರಂತೆ, ಬರುವುದಿಲ್ಲವಂತೆ.

"ಭುವನಾ, ನೀನ ಒಂದ್ಸಲ ಫೋನ್ ಹಚ್ಚವ್ವ" ಎಂದಳು ಭಾವನ ಹೆಂಡತಿ, ನನ್ನ ನೆಗೆಣ್ಣಿ. "ನೀ ಮಾತಾಡ್ಸೂದು ಬಿಟ್ಟಿದ್ದ ಅವ್ರಿಗೆ ಭಾಳ ಹತ್ತೈತಿ. ನೀ ಕರದ್ರ ಬರ್ತಾರ."

ಪಾಡ್ಯದಿಂದ ನಾನು ಅವರಿಗೆ ಫೋನ್ ಮಾಡಿರಲಿಲ್ಲ. ಮಾಡುವ ಮನಸ್ಸೂ ಇರಲಿಲ್ಲ. ಕೂಸಿನ ಮುಖ ನೋಡಿ ಹಲ್ಲು ಕಚ್ಚಿಕೊಂಡು ಹಚ್ಚಿದೆ.

ನಡುವಿನ ಬಾಗಿಲಿನ ಆಚೆಯಿಂದ ಅತ್ತೆ ಕೂಗಿದರು.

"ಏ ಕರಿಬಸ್ಯಾ! ಕರಿಬಸ್ಯಾ! ಕಿವಿ ಎಲ್ಲಿ ಇಟ್ಟೀ? ರೊಟ್ಟಿ ಆರಿ ಹೋತು, ಪಲ್ಯೆ ಆರಿ ಹೋತು. ಒದರಿ ಒದರಿ ನನ್ನ ಗಂಟ್ಲಾ ಹರದೋತು, ಓ ಅನ್ನಾಕ ಏನ್ ಬ್ಯಾನಿ ನಿನಗ?"

ಗೋಡೆಯ ಕಡೆ ಕೂತಿದ್ದ ಅತ್ತೆ ಗಕ್ಕನೆ ತಿರುಗಿದರು. ಆಚೆ ಕೂಗು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಏ ಕರಿಬಸ್ಯಾ! ಐದು ವರ್ಷಗಳ ಹಿಂದಿನ ಆ ದಪ್ಪ ಧ್ವನಿ, ಮೂರು ಓಣಿಗೆ ಕೇಳುತ್ತಿದ್ದ ಧ್ವನಿ. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಬರೀ ಗಂಟೆ ಹೊಡೆಯುತ್ತಿತ್ತು.

ಕೊನೆಯ ಗಂಟೆಗೆ, ಎಂದಿನ ಹಾಗೆ, ಅವರು ಎತ್ತಿದರು. "ಹಲೋ" ಎಂದರು.

ಬಸವೇಶ್ವರಿ ಓಡಿಹೋಗಿ ಬಾಗಿಲು ತೆರೆದಳು. ಭಾವ ಒಂದು ಕೈಯಲ್ಲಿ ಉಡದಾರ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದರು. ಎಲ್ಲರೂ ತಮ್ಮನ್ನೇ ನೋಡುವುದನ್ನು ಕಂಡು ಅವರಿಗೆ ತಿಳಿಯಿತು.

"ರಿಂಗ್‌ಟೋನ್ ಬಂದ್ ಮಾಡೂದು ಮರತೆವ್ವ" ಎಂದರು ನನಗೆ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. "ಮನ್ಯಾಗ ಯಾವಾಗ್ಲೂ ಬಂದ್ ಇಡ್ತೀನಿ. ಅವ್ವ ಕೇಳಿದ್ರ ಸಿಟ್ಟಿಗೇಳ್ತಾಳ, ಬೈದದ್ದನ್ನ ಗಿರಾಕಿ ಮುಂದ ಹಚ್ಚೀಯೇನ ಅಂತ. ಅಂಗಡ್ಯಾಗ ಅಷ್ಟ ಚಾಲೂ ಇಡ್ತೀನಿ."

"ಎಂದಿನದ್ರಿ ಇದು?"

"ಆಪರೇಷನ್ ಮುಂಚೀದು. ಮಾಳಿಗಿ ಮ್ಯಾಲಿಂದ ಉಣ್ಣಾಕ ಕರ್ಯಾಕತ್ತಿದ್ಲು, ನಾ ನಗಿಗೆ ಹಿಡಿದಿದ್ದೆ. ನೀ ಎಲ್ಲಾ ಅಳಿಸ್ರಿ ಅಂದಾಗ ಇದೊಂದು ಅಳಿಸ್ಲಿಲ್ಲವ್ವ."

"ಮತ್ತ ಹಾಡು ಹೋದಾಗ ಯಾಕ ಹೇಳ್ಲಿಲ್ಲ ಭಾವ?"

"ನಿಮಗ ಬೇಕಾದ್ದು ಜೋಗುಳ. ಇದು ಬೈಗುಳವ್ವ. ಕೂಸಿನ ಮುಂದ ಹ್ಯಾಂಗ ಹಚ್ಚೂದು?" ಎಂದವರು ಉಡದಾರವನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದರು. "ನೀ ಫೋನ್ ಮಾಡಿದಾಗೆಲ್ಲ ಜಲ್ದಿ ಎತ್ತಂಗಿಲ್ಲ ಅಂತ ಬೈತಿದ್ದೆಲ್ಲ. ಜಲ್ದಿ ಎತ್ತಿದ್ರ ಪೂರಾ ಕೇಳಾಕ ಆಗಂಗಿಲ್ಲ."

ಐದು ವರ್ಷ ನಾನು ಹಲ್ಲು ಕಡಿಯುತ್ತ, ಎತ್ತು ಮಾರಾಯಾ ಎತ್ತು ಅಂತ ಶಪಿಸುತ್ತ ಕಾಯುತ್ತಿದ್ದಾಗಲೆಲ್ಲ ಈ ಮನುಷ್ಯ ಗಾದಿಯ ಮೇಲೆ ಕೂತು ಅವ್ವನ ಕೂಗು ಕೇಳುತ್ತಿದ್ದ.

ಆಗ ಚಪ್ಪಾಳೆ ಕೇಳಿಸಿತು. ಎರಡು ಸಲ. ಅತ್ತೆ ಗೋಡೆ ಬಿಟ್ಟು ತೊಟ್ಟಿಲಿನ ಹತ್ತಿರ ಬಂದು ಕೂತಿದ್ದರು. ಸೆರಗು ಕುತ್ತಿಗೆಯಿಂದ ಜಾರಿತ್ತು. ಕೂಸನ್ನು ಕೊಡು ಎಂದು ಕೈ ಚಾಚಿದರು. ಭಾವ ಮೊಣಕಾಲೂರಿ ಉಡದಾರ ಕಟ್ಟಿದರು. ಅತ್ತೆ ಕೂಸನ್ನು ತೊಟ್ಟಿಲಿನಲ್ಲಿ ಮಲಗಿಸಿ, ಹಗ್ಗ ಹಿಡಿದು, ನನ್ನ ಕಡೆ ತಿರುಗಿ ಮತ್ತೆ ಚಪ್ಪಾಳೆ ತಟ್ಟಿದರು. ದಿನಾ ಬೆಳಿಗ್ಗೆ ಟಿವಿಯ ಮುಂದೆ ತಟ್ಟುತ್ತಿದ್ದ ಅದೇ ಚಪ್ಪಾಳೆ.

ಕಾಪಿ ಮಾಡಿಡುವುದೆಲ್ಲ ಆಮೇಲೆ. ಕಣ್ಣು ಒರೆಸಿಕೊಂಡು ಮತ್ತೆ ಭಾವನ ನಂಬರು ಒತ್ತಿದೆ.

ಏ ಕರಿಬಸ್ಯಾ! ಕರಿಬಸ್ಯಾ! ಅತ್ತೆ ತೊಟ್ಟಿಲು ತೂಗುತ್ತ ತುಟಿ ಆಡಿಸತೊಡಗಿದರು. ಹೆಂಗಸರಲ್ಲಿ ಯಾರೋ ನಕ್ಕರು, ಯಾರೋ ಅತ್ತರು, ಕೂಸು ಕಣ್ಣರಳಿಸಿ ಧ್ವನಿ ಬಂದ ಕಡೆ ನೋಡಿತು. ಭಾವ ಫೋನನ್ನು ತೊಟ್ಟಿಲಿನ ಹತ್ತಿರ ಹಿಡಿದು ನಿಂತಿದ್ದರು, ಹೆಬ್ಬೆರಳು ಅಭ್ಯಾಸದಂತೆ ಗುಂಡಿಯ ಕಡೆ ಹೋಯಿತು.

"ಎತ್ತಬ್ಯಾಡ್ರಿ ಭಾವ" ಎಂದೆ.

ಗಂಟೆ ಕಟ್ಟಾಗುವವರೆಗೂ ಅವರು ಎತ್ತಲಿಲ್ಲ. ನಾನು ಮತ್ತೆ ಹಚ್ಚಿದೆ.